ಖಾಲಿ ವಿಳಾಸಕ್ಕೆ ಆಳು ಕೂರಿಸಿದ್ದು

ಇದೆಲ್ಲ ಶುರುವಾದದ್ದು ಬೇಸಿಗೆ ಆಗಷ್ಟೇ ಕಾಲಿಡುತ್ತಿದ್ದ ಒಂದು ಭಾನುವಾರ ಬೆಳಿಗ್ಗೆ, ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಿಗೆ. ಅದೇ ಹೊತ್ತಿಗೆ ಕಟ್ಟಡದ ಇಂಟರ್ನೆಟ್ಟೂ ನಿಂತಿತು. ನೀರು ನಿಂತದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅದು ದಿನಾ ನಿಲ್ಲುವಂಥದ್ದು. ಇಂಟರ್ನೆಟ್ ನಿಂತಿದ್ದೇ ತಡ, ಎಲ್ಲ ಮಹಡಿಯ ಬಾಗಿಲುಗಳೂ ಒಟ್ಟಿಗೆ ತೆರೆದುಕೊಂಡು, ಜನ ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಮೆಟ್ಟಿಲ ಕೆಳಗೆ ಬಂದು ಸೇರಿದರು. ಇಡೀ ಕಟ್ಟಡಕ್ಕೆ ಇಂಟರ್ನೆಟ್ ಹಂಚುವ ಪೆಟ್ಟಿಗೆ ಇದ್ದದ್ದು ಅಲ್ಲಿ, ಮುರಿದ ಸೈಕಲ್ಲಿನ ಪಕ್ಕ, ಒಂದು ಹಲಗೆಯ ಮೇಲೆ.

"ಇದಕ್ಕೆ ಕೈಪಿಡಿ ಇದೆ," ಎಂದರು ಕಟ್ಟಡದ ಸೆಕ್ರೆಟರಿ. ಎದೆ ಮುಂದೆ ಬಂದು, ಆಮೇಲೆ ಉಳಿದ ಮೈ ಬರುವಂಥ ನಡಿಗೆಯ ಮನುಷ್ಯ. "ಓದಿ ಮಾಡಿದ್ರೆ ಮಗೂಗೂ ಬರುತ್ತೆ. ಆದ್ರೆ ಓದೋರು ಯಾರು ಇಲ್ಲಿ?"

ಹೀಗೆ ಯಾರಾದರೂ ಕೇಳಿದರೆ ತಡೆದುಕೊಳ್ಳಲಾಗದವನು ಕಟ್ಟಡದಲ್ಲಿ ಒಬ್ಬನೇ ಇದ್ದ. ಅವನ ಹೆಸರನ್ನು ಜನ ಮರೆತು ಎಷ್ಟೋ ಕಾಲವಾಗಿತ್ತು. ಅವನು ಗಡಿಬಿಡಿಯಣ್ಣ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ, ಊಟದ ನಡುವೆ ಎದ್ದು ಗಡಿಯಾರ ಸರಿ ಮಾಡಿ ಬರುವವನು. ಮನೆಯ ಎಲ್ಲ ಗಡಿಯಾರಗಳೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದದ್ದು ಅದರಿಂದಲೇ.

"ನಾನು ಓದ್ತೀನಿ," ಎಂದ.

ಆ ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್ ಯಾರೂ ಮಾರುವುದೂ ಅಲ್ಲ, ಯಾರೂ ಕೊಳ್ಳುವುದೂ ಅಲ್ಲ. ಎಲ್ಲೆಲ್ಲಿಯದೋ ಜನ ಬಿಡುವಿನಲ್ಲಿ ಕೂತು ಬರೆದು ಲೋಕಕ್ಕೆ ಬಿಟ್ಟುಕೊಟ್ಟದ್ದು. ಅದರ ಕೈಪಿಡಿಯೂ ಹಾಗೇ, ಯಾರು ಬೇಕಾದರೂ ಫೋನಿನಲ್ಲಿ ತೆರೆದು ಓದುವಂಥದ್ದು. ಅದರಲ್ಲಿ ತಪ್ಪು ಕಂಡರೆ ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಕೈಪಿಡಿಯನ್ನು ಕಾಯುವವರು ನೋಡಿ, ಸರಿ ಎನಿಸಿದರೆ ಸೇರಿಸಿಕೊಳ್ಳುತ್ತಾರೆ.

ಮೊದಲು ಸ್ವಿಚ್ಚು ಹಾಕಿ, ಆಮೇಲೆ ತಂತಿ ಚುಚ್ಚಿ ಎಂದಿತ್ತು ಕೈಪಿಡಿ. ಗಡಿಬಿಡಿಯಣ್ಣ ತನ್ನ ಅಭ್ಯಾಸದಂತೆ ಹಿಂದುಮುಂದು ಮಾಡಿದ. ಮೊದಲು ತಂತಿ ಚುಚ್ಚಿದ, ಆಮೇಲೆ ಸ್ವಿಚ್ಚು ಹಾಕಿದ. ಪೆಟ್ಟಿಗೆ ಕಣ್ಣು ಬಿಟ್ಟಿತು. ಮೇಲಿನ ಮಹಡಿಗಳಿಂದ "ಬಂತು, ಬಂತು" ಎಂದು ಕೂಗು ಕೇಳಿತು. ಗಡಿಬಿಡಿಯಣ್ಣ ಮತ್ತೆ ಕೈಪಿಡಿ ನೋಡಿದ, ಮತ್ತೆ ಪೆಟ್ಟಿಗೆ ನೋಡಿದ. ತಪ್ಪು ತನ್ನದಲ್ಲ, ಕೈಪಿಡಿಯದು. ಹುಟ್ಟಿದ ಮೇಲೆ ಹೀಗಾದದ್ದು ಅದೇ ಮೊದಲು. ಅಲ್ಲೇ ಮೆಟ್ಟಿಲ ಮೇಲೆ ಕೂತು ತಿದ್ದಿ ಕಳಿಸಿದ.

ಮರುದಿನ ಉತ್ತರ ಬಂತು. ಕೈಪಿಡಿ ಕಾಯುವ ಹೆಂಗಸು, ಯಾವುದೋ ದೂರದ ಊರಿನವಳು, ಬರೆದಿದ್ದಳು: "ತುಂಬಾ ಧನ್ಯವಾದಗಳು. ನಿಮ್ಮ ತಿದ್ದುಪಡಿಯನ್ನು ಸೇರಿಸಿಕೊಂಡಿದ್ದೇವೆ."

ಗಡಿಬಿಡಿಯಣ್ಣ ಕೆಲಸ ಮಾಡುತ್ತಿದ್ದದ್ದು ಪಾರ್ಸೆಲ್ ಕಚೇರಿಯಲ್ಲಿ, ವಿಳಾಸ ತಪ್ಪಾಗಿ ವಾಪಸ್ಸು ಬಂದ ಗಂಟುಗಳ ವಿಭಾಗದಲ್ಲಿ. ಇಷ್ಟು ವರ್ಷ ಎಷ್ಟು ಗಂಟುಗಳಿಗೆ ದಾರಿ ತೋರಿಸಿದ್ದರೂ ಗಂಟೂ ಧನ್ಯವಾದ ಹೇಳಿರಲಿಲ್ಲ, ಗಂಟಿನವರೂ ಹೇಳಿರಲಿಲ್ಲ. ಅವನು ಆ ಸಾಲನ್ನು ಮೊದಲು ಹೆಂಡತಿಗೆ ಓದಿ ಹೇಳಿದ. ಆಮೇಲೆ ಹಾಲಿನವನಿಗೆ. ಆಮೇಲೆ ಎದುರು ಸಿಕ್ಕಿದವರಿಗೆಲ್ಲ.

ಸಂಜೆಯ ಹೊತ್ತಿಗೆ ಮಾತು ಎಲ್ಲ ಮಹಡಿ ಹತ್ತಿ ಇಳಿದು, ಕೆಳಗೆ ಬರುವಾಗ ದಪ್ಪಗಾಗಿತ್ತು. ಗಡಿಬಿಡಿಯಣ್ಣ ಇಂಟರ್ನೆಟ್ಟನ್ನೇ ತಿದ್ದಿದ್ದಾನಂತೆ, ಅದನ್ನು ನಡೆಸುವವರೇ ಕಾಗದ ಬರೆದಿದ್ದಾರಂತೆ.

ಮರುದಿನದಿಂದ ಬಾಗಿಲಿಗೆ ಜನ. ಮೂಲೆ ಅಂಗಡಿಯವನು ಬಂದ. "ಅಣ್ಣ, ಯಾರೋ ನನ್ನ ಅಂಗಡಿ ಮೊಟ್ಟೆ ಕೊಳೆತಿರುತ್ತೆ ಅಂತ ಬರ್ದಿದ್ದಾನೆ. ಸ್ವಲ್ಪ ತಿದ್ದಿಬಿಡಿ."

"ಕೊಳೆತಿರಲ್ವಾ?"

"ಯಾವಾಗ್ಲೂ ಅಂತ ಬರ್ದಿದ್ದಾನೆ ಅಣ್ಣ. ಆಗಾಗ ಅಂತ ಮಾಡಿ ಸಾಕು."

ಮೇಲಿನ ಮನೆಯಾಕೆಗೆ ತನ್ನ ವಯಸ್ಸು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಸ್ವಲ್ಪ ಇಳಿಸಬೇಕಿತ್ತು. ಒಬ್ಬರಿಗೆ ನಾಳೆಯ ಹವಾಮಾನ ಬದಲಾಗಬೇಕಿತ್ತು, ಹಾಸಿಗೆ ಒಗೆದು ಹಾಕಿದ್ದರು. ಗಡಿಬಿಡಿಯಣ್ಣ ಯಾರಿಗೂ ಆಗುವುದಿಲ್ಲ ಎನ್ನಲಿಲ್ಲ. "ನೋಡೋಣ, ಬರೀತೀನಿ," ಎಂದ.

ಅವನ ಅತ್ತೆ, ಹೆಂಡತಿಯ ತಾಯಿ, ಒಳಗೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. "ಅಳಿಯಂದಿರು ಪ್ರಪಂಚ ರಿಪೇರಿ ಮಾಡ್ತಿದ್ದಾರಂತೆ. ಬಚ್ಚಲ ನಲ್ಲಿ ಪ್ರಪಂಚಕ್ಕೆ ಸೇರಿಲ್ವೇನೇ?" ಎಂದು ಮಗಳನ್ನು ಕೇಳಿದರು.

ಮಗಳಿಗೆ ಆಗ ನಲ್ಲಿಯ ಚಿಂತೆಯಿರಲಿಲ್ಲ. ಅವಳು ಹೊಲಿಗೆಯಲ್ಲಿ ಪಳಗಿದ ಕೈ. ಅಂಗಿಯ ಕಾಲರನ್ನು ಒಂದು ಸುಕ್ಕಿಲ್ಲದೆ ತಿರುಗಿಸುವುದರಲ್ಲಿ ಅವಳಂಥವರು ಸುತ್ತಮುತ್ತ ಇರಲಿಲ್ಲ. ಪರದೆಯ ಮೇಲೆ ಹೊಲಿಗೆ ಕಲಿಸಲು ಶುರುಮಾಡಿದ್ದಳು. ಸಮವಸ್ತ್ರ ಹೊಲಿಸುವ ಕಾರ್ಖಾನೆಯ ಒಡತಿಯೊಬ್ಬಳಿಗೆ ಅದು ತಿಳಿದು, "ಶುಕ್ರವಾರ ಬೆಳಿಗ್ಗೆ ನಮ್ಮ ಹೆಂಗಸರಿಗೆ ಒಂದು ಪಾಠ ಮಾಡಿ ತೋರಿಸಿ. ಮನಸ್ಸಿಗೆ ಬಂದರೆ ಕಲಿಸುವ ಕೆಲಸ ನಿಮ್ಮದೇ," ಎಂದಿದ್ದಳು. ಮದುವೆಯಾದಾಗಿನಿಂದ ಅಡುಗೆಮನೆಗೂ ಹೊಲಿಗೆ ಯಂತ್ರಕ್ಕೂ ನಡುವೆ ಓಡಾಡಿದವಳಿಗೆ ತನ್ನದೇ ಎನ್ನುವ ಒಂದು ಕೆಲಸ ಕೈಗೆಟುಕುವಷ್ಟು ಹತ್ತಿರ ಬಂದಿತ್ತು.

"ರೀ, ಶುಕ್ರವಾರ ಲೈನ್ ಕೈಕೊಡಬಾರದು," ಎಂದಳು ಗಂಡನಿಗೆ.

"ನಾನಿರುವಾಗ?" ಎಂದ ಅವನು.

"ನೀವಿರ್ತೀರಲ್ಲ, ಅದಕ್ಕೇ ಹೇಳಿದ್ದು."

ಧನ್ಯವಾದದ ರುಚಿ ಹತ್ತಿದವನಿಗೆ ಇನ್ನೊಂದು ಧನ್ಯವಾದ ಬೇಕು. ಗಡಿಬಿಡಿಯಣ್ಣ ತಪ್ಪು ಹುಡುಕುತ್ತ ಕೈಪಿಡಿಯ ಪುಟಪುಟ ತಿರುವಿದ. ತಪ್ಪುಗಳು ಅಷ್ಟು ಸುಲಭಕ್ಕೆ ಸಿಗಲಿಲ್ಲ. ಸಿಗದೇ ಹೋದಾಗ ಅಲ್ಪವಿರಾಮಗಳನ್ನು ಹಾಕಿದ, ಕೆಲವನ್ನು ತೆಗೆದ, ತೆಗೆದದ್ದರಲ್ಲಿ ಕೆಲವನ್ನು ಮತ್ತೆ ಹಾಕಿದ. ಹೀಗೆ ಹೋಗುತ್ತಿದ್ದಾಗ ಒಂದು ಪುಟ ಸಿಕ್ಕಿತು.

ಲೈನ್ ಜೀವಂತವಾಗಿದೆಯೇ ಎಂದು ಪೆಟ್ಟಿಗೆ ತಾನೇ ನೋಡಿಕೊಳ್ಳುವ ಬಗೆ ಅದರಲ್ಲಿತ್ತು. ದೂರದ ಒಂದು ವಿಳಾಸಕ್ಕೆ ಪೆಟ್ಟಿಗೆ ಗಳಿಗೆಗೊಮ್ಮೆ "ಇದ್ದೀಯಾ?" ಎಂದು ಕೇಳುತ್ತದೆ. "ಇದ್ದೇನೆ" ಎಂದು ಉತ್ತರ ಬಂದರೆ ಸರಿ. ಬಾರದಿದ್ದರೆ ಲೈನ್ ಸತ್ತಿದೆ ಎಂದು ತಿಳಿದು ತಾನೇ ಆರಿ, ಮತ್ತೆ ಹತ್ತಿಕೊಳ್ಳುತ್ತದೆ. ಉದಾಹರಣೆಗೆ ಅಂಕಿಗಳ ಒಂದು ವಿಳಾಸ ಕೊಟ್ಟಿದ್ದರು. ಅದರ ಕೆಳಗೆ "ಇದು ಮಾದರಿ ಮಾತ್ರ, ಇಲ್ಲಿ ನಿಮ್ಮ ಆಯ್ಕೆಯ ವಿಳಾಸ ಹಾಕಿಕೊಳ್ಳಿ" ಎಂಬ ಒಂದು ಸಾಲು.

ಗಡಿಬಿಡಿಯಣ್ಣ ಆ ಮಾದರಿ ವಿಳಾಸವನ್ನೇ ಕೇಳಿ ನೋಡಿದ. ಉತ್ತರವಿಲ್ಲ. ಸ್ನಾನ ಮಾಡಿ ಬಂದು ಕೇಳಿದ. ಉತ್ತರವಿಲ್ಲ. ಕಚೇರಿಗೆ ಹೋಗಿ, ಹುರಿ, ಅಂಟುಪಟ್ಟಿ, ಹರಿದ ಡಬ್ಬಗಳ ನಡುವೆ ಕೂತು ಫೋನಿನಿಂದ ಕೇಳಿದ. ಆಗಲೂ ಇಲ್ಲ. ಎದ್ದು ಮೇಲಧಿಕಾರಿಯ ಮೇಜಿನ ಹತ್ತಿರ ಹೋದ.

"ಸಾರ್, ಒಂದು ವಿಳಾಸಕ್ಕೆ ಎಷ್ಟು ಸಲ ಹೋದ್ರೂ ಬಾಗಿಲು ತೆಗೀತಿಲ್ಲ. ಏನು ಮಾಡೋದು?"

"ಯಾವ ಪಾರ್ಸೆಲ್ಲು?"

"ಪಾರ್ಸೆಲ್ಲಲ್ಲ ಸಾರ್. ಸುಮ್ನೆ, ತಾತ್ವಿಕವಾಗಿ."

"ತಾತ್ವಿಕವಾಗಾದ್ರೂ ಅಷ್ಟೇ ಕಣ್ರೀ. ಖಾಲಿ ಮನೆಗೆ ಯಾರಾದ್ರೂ ಗಾಡಿ ಕಳಿಸ್ತಾರಾ? ಪಕ್ಕದಲ್ಲಿ ಯಾರಿದ್ದಾರೆ ನೋಡಿ, ಇರೋರ ವಿಳಾಸ ಬರ್ದು ಹತ್ತಿಸಿ. ಇಲ್ಲಿ ನಿಮಗೆ ಇಷ್ಟು ವರ್ಷ ಕಲಿಸಿದ್ದೇನು?"

ಕಚೇರಿಯ ರೂಢಿಯೇ ಅದು. ಬೀಗ ಹಾಕಿದ ಮನೆಯ ಗಂಟನ್ನು ಬಾಗಿಲು ತೆರೆದಿರುವ ಪಕ್ಕದ ಮನೆಗೆ ಬರೆಯುವುದು. ಗಡಿಬಿಡಿಯಣ್ಣನಿಗೆ ಬೇರೆ ಯಾರ ಮನೆಯ ವಿಳಾಸವೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಮೆಟ್ಟಿಲ ಕೆಳಗಿನ ಪೆಟ್ಟಿಗೆಯದು. ಅದನ್ನು ಕೇಳಿ ನೋಡಿದ. ತಟ್ಟನೆ ಉತ್ತರ ಬಂತು. ಸಂತೋಷದಿಂದ ಖಾಲಿ ವಿಳಾಸ ತೆಗೆದು ತನ್ನ ಕಟ್ಟಡದ ವಿಳಾಸ ಬರೆದ. ಬೇರೆ ವಿಳಾಸ ಹಾಕಿಕೊಳ್ಳಿ ಎನ್ನುವ ಸಾಲು ಇನ್ನು ಏಕೆ ಎಂದು ಅದನ್ನೂ ಅಳಿಸಿದ. ಒಂದು ರಾಶಿ ಅಲ್ಪವಿರಾಮಗಳ ಜೊತೆ ಸೇರಿಸಿ ಕಳಿಸಿಬಿಟ್ಟ.

ಕೈಪಿಡಿ ಕಾಯುವ ಹೆಂಗಸು ಆ ವಾರ ರಜೆಯಲ್ಲಿದ್ದಳು. ಅವಳ ಜಾಗದಲ್ಲಿ ಕೂತವನು ಅಲ್ಪವಿರಾಮಗಳನ್ನು ನೋಡುತ್ತ ನೋಡುತ್ತ ತೂಕಡಿಸಿರಬೇಕು. ಎಲ್ಲವನ್ನೂ ಒಟ್ಟಿಗೆ ಸೇರಿಸಿ, ಧನ್ಯವಾದವನ್ನೂ ಹೇಳಿದ.

ಆ ಪುಟವನ್ನು ಓದುವವರು ಲೋಕದ ತುಂಬ ಇದ್ದಾರೆ. ಓದಿದವರು ಅದರಲ್ಲಿದ್ದದ್ದನ್ನು ಇದ್ದ ಹಾಗೇ ತಮ್ಮ ಪೆಟ್ಟಿಗೆಗೆ ಇಳಿಸಿಕೊಂಡರು. ಹಾಗೇ ಇಳಿಸಿದರೂ ಕೆಲಸ ಮಾಡುತ್ತಿತ್ತಲ್ಲ.

ಶುಕ್ರವಾರ ಬಂತು. ಹೆಂಡತಿ ಬಟ್ಟೆ ಹರಡಿ, ಕತ್ತರಿ ಹಿಡಿದು ಪರದೆಯ ಮುಂದೆ ನಿಂತಳು. ಆ ಕಡೆ ಕಾರ್ಖಾನೆಯ ಹೆಂಗಸರು, ಮುಂದೆ ಒಡತಿ. "ಈಗ ನೋಡಿ, ಮೂಲೇಲಿ ಕತ್ತರಿ ಹೀಗೆ..." ಎಂದಳು. ಹಾಗೆಂದದ್ದು ಈ ಕಡೆಯ ಗೋಡೆಗಳಿಗೆ ಮಾತ್ರ ಕೇಳಿತು. ಆ ಕಡೆಯವರಿಗೆ ಕಂಡದ್ದು ಎತ್ತಿ ಹಿಡಿದ ಕತ್ತರಿ, ಅರ್ಧ ತೆರೆದ ಬಾಯಿ. ಹಿಂದೆ ಕಾಫಿ ಲೋಟ ಹಿಡಿದು ಸಾಗುತ್ತಿದ್ದ ಅತ್ತೆ ಒಂದು ಕಾಲೆತ್ತಿದವರು ಎತ್ತಿಯೇ ನಿಂತಿದ್ದರು. ಬಹಳ ಹೊತ್ತಿನ ಮೇಲೆ ಚಿತ್ರ ಅಲ್ಲಾಡಿದಾಗ ಕಾಲರೂ ಮುಗಿದಿತ್ತು, ಪಾಠವೂ ಮುಗಿದಿತ್ತು.

ಒಡತಿ ಕರುಣೆಯುಳ್ಳವಳು. "ಮುಂದಿನ ಶುಕ್ರವಾರ ಇನ್ನೊಂದು ಸಲ ನೋಡೋಣಮ್ಮ. ಅದೇ ಕೊನೆ," ಎಂದಳು.

ಹೆಂಡತಿ ಗಂಡನ ಕಡೆ ನೋಡಿದಳು. ಅವನು ಅಷ್ಟರಲ್ಲಿ ಬಾಗಿಲು ದಾಟಿದ್ದ.

ಆಮೇಲಿನ ದಿನಗಳಲ್ಲಿ ಗಡಿಬಿಡಿಯಣ್ಣ ಹತ್ತಿ ಇಳಿದ ಮೆಟ್ಟಿಲುಗಳನ್ನು ಬೇರೆಯವರಾದರೆ ಒಂದು ವರ್ಷಕ್ಕೆ ಹಂಚಿಕೊಳ್ಳುತ್ತಿದ್ದರು. ಮೇಲಿನ ಮನೆಯಾಕೆಗೆ ಸಿನಿಮಾ ನಿಲ್ಲಿಸಲು ಹೇಳಿದ. "ಇಂಟರ್ನೆಟ್ ತಿದ್ದೋರು ನೀವು, ಸಿನಿಮಾ ನಿಲ್ಲಿಸ್ಬೇಕಾದೋಳು ನಾನಾ?" ಎಂದು ಅವಳು ಬಾಗಿಲು ಹಾಕಿಕೊಂಡಳು. ಪೆಟ್ಟಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟ, ಬಾಗಿಲ ಕಡೆಗೆ ತಿರುಗಿಸಿ ಇಟ್ಟ, ಬಿಸಿಯಾಗಿದೆಯೆಂದು ಬೀಸಣಿಗೆಯಿಂದ ಗಾಳಿ ಹಾಕಿದ. ಸೆಕ್ರೆಟರಿ ಮೆಟ್ಟಿಲ ಮೇಲೆಯೇ ಸಭೆ ಕರೆದರು. "ಇದು ಎದುರು ಕಟ್ಟಡದವರ ಕೆಲಸ," ಎಂದು ತೀರ್ಪು ಕೊಟ್ಟರು.

ಕೊನೆಗೆ ಬುಧವಾರ ಲೈನಿನವನು ಬಂದ. ಹೆಚ್ಚು ಮಾತಿನವನಲ್ಲ. ತನ್ನ ಪುಟ್ಟ ಯಂತ್ರವನ್ನು ಪೆಟ್ಟಿಗೆಗೆ ಸಿಕ್ಕಿಸಿ ನೋಡಿದವನು ನೋಡುತ್ತಲೇ ಉಳಿದ.

"ಏನಪ್ಪಾ ಆಗಿದೆ?" ಎಂದರು ಸೆಕ್ರೆಟರಿ.

"ಕೇಳ್ತಾ ಇದ್ದಾರೆ."

"ಯಾರು?"

"ಎಲ್ಲಾರೂ."

"ಎಲ್ಲಾರೂ ಅಂದ್ರೆ? ಎದುರು ಕಟ್ಟಡದೋರಾ?"

"ಅವ್ರೊಬ್ರು ಬಿಟ್ಟು."

"ಏನಂತ ಕೇಳ್ತಾರೆ?"

"ಇದ್ದೀರಾ ಅಂತ."

ಸುತ್ತ ಸೇರಿದ್ದ ಜನ ಪೆಟ್ಟಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಯಾರೋ ಮೆಲ್ಲಗೆ, "ಪೆಟ್ಟಿಗೆ ಏನು ಹೇಳ್ತಿದೆ?" ಎಂದರು.

"ಇದ್ದೀನಿ ಅಂತಿದೆ. ಒಬ್ಬೊಬ್ರಿಗೂ. ಅದಕ್ಕೇ ಬೇರೆ ಕೆಲಸಕ್ಕೆ ಬಿಡುವಿಲ್ಲ."

ಅತ್ತೆ ಮೆಟ್ಟಿಲ ಮೇಲಿಂದ ಬಗ್ಗಿದರು. "ಇಷ್ಟೇನಾ? ಇಲ್ಲ ಅಂದ್ಬಿಡಿ. ಹಾಲಿನವ್ನು ಬಾಕಿ ಕೇಳೋಕೆ ಬಂದಾಗ ನಾವು ಅನ್ನಲ್ವಾ?"

ಇದಕ್ಕಿಂತ ಒಳ್ಳೆಯ ಸಲಹೆ ಸಭೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಲೈನಿನವನು ಏನೋ ಒತ್ತಿದ, ಪೆಟ್ಟಿಗೆ ಬಾಯಿ ಮುಚ್ಚಿತು. ಬಾಗಿಲಾಚೆ ತಟ್ಟುವವರು ತಟ್ಟುತ್ತಲೇ ಇದ್ದರೂ, ಉತ್ತರಿಸುವ ಕೆಲಸ ತಪ್ಪಿತಲ್ಲ. ಲೈನ್ ಸರಾಗವಾಯಿತು. ಹೆಂಡತಿಯ ಮುಖ ಗೆಲುವಾಯಿತು. ಗಡಿಬಿಡಿಯಣ್ಣ ಎಲ್ಲರಿಂದಲೂ ಧನ್ಯವಾದ ಹೇಳಿಸಿಕೊಂಡ. ಮಾಡಿದ್ದು ಲೈನಿನವನು, ಹೇಳಿದ್ದು ಅತ್ತೆ. ಆದರೂ ಹೇಳಿಸಿಕೊಳ್ಳಲು ಮುಂದೆ ನಿಂತಿದ್ದವನು ಅವನೇ.

ಗುರುವಾರ ಸಂಜೆ ಅವನು ಹೊಸ ಧನ್ಯವಾದ ಬಂದಿದೆಯೇ ಎಂದು ಕೈಪಿಡಿಯ ಪುಟ ತೆರೆದ. ಧನ್ಯವಾದ ಇರಲಿಲ್ಲ, ದೂರುಗಳಿದ್ದವು. ಇಳಿದಷ್ಟೂ ದೂರು. ನಿನ್ನೆಯಿಂದ ನಮ್ಮ ಪೆಟ್ಟಿಗೆ ಆರಿ ಹತ್ತುತ್ತಿದೆ. ನಮ್ಮದೂ. ನಮ್ಮ ಬೇಕರಿಯದೂ. ನಮ್ಮ ಗ್ರಂಥಾಲಯದ್ದೂ. ಯಾವುದೋ ವಿಳಾಸ ಉತ್ತರ ಕೊಡುವುದನ್ನು ನಿಲ್ಲಿಸಿದೆ. ಎಲ್ಲದರ ಕೆಳಗೆ, ರಜೆ ಮುಗಿಸಿ ಬಂದ ಕೈಪಿಡಿ ಕಾಯುವವಳು ಆ ವಿಳಾಸವನ್ನು ಬರೆದು ಒಂದೇ ಪ್ರಶ್ನೆ ಕೇಳಿದ್ದಳು: "ಇದು ಯಾರ ಮನೆ?"

ಗಡಿಬಿಡಿಯಣ್ಣ ಎದ್ದ, ಕೂತ, ಎದ್ದ. ಅಡುಗೆಮನೆಗೆ ಹೋಗಿ ಖಾಲಿ ಲೋಟದಿಂದ ನೀರು ಕುಡಿದ. ಬಂದು ಬರೆದ: "ನಮ್ಮದು. ಅಲ್ಲಿ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲ, ಅದಕ್ಕೇ ಬದಲಾಯಿಸಿದೆ. ತಪ್ಪಾಯಿತು."

ಉತ್ತರ ಬೇಗ ಬಂತು. "ಆ ವಿಳಾಸದಲ್ಲಿ ಯಾರೂ ಇರಬಾರದೆಂದೇ ಅದನ್ನು ಖಾಲಿ ಇಟ್ಟಿದ್ದಾರೆ. ಉದಾಹರಣೆ ನೋಡಿ ಯಾರು ತಟ್ಟಿದರೂ ಯಾರ ನಿದ್ದೆಯೂ ಕೆಡಬಾರದೆಂದು. ಪುಟವನ್ನು ಈಗಲೇ ಸರಿಮಾಡಿದ್ದೇನೆ. ಆದರೆ ಈಗಾಗಲೇ ನಕಲು ಮಾಡಿಕೊಂಡವರಿಗೆಲ್ಲ ತಿಳಿಸಿ ಬದಲಾಯಿಸಲು ಸ್ವಲ್ಪ ದಿನ ಬೇಕು. ಅಲ್ಲಿಯವರೆಗೆ ದಯವಿಟ್ಟು ಉತ್ತರ ಕೊಡುತ್ತಿರಿ. ಅದು ಮುಗಿದ ಮೇಲೆ ನಿಮಗೆ ಬೇರೆ ವಿಳಾಸ ಹಾಕಿಸಿಕೊಳ್ಳಿ."

ಬೆಳಗಾದರೆ ಶುಕ್ರವಾರ. ಪೆಟ್ಟಿಗೆ ಉತ್ತರ ಕೊಟ್ಟರೆ ಹೆಂಡತಿಯ ಪಾಠ ಮುಗಿಯಿತು. ಕೊಡದಿದ್ದರೆ ಎಲ್ಲೆಲ್ಲಿಯದೋ ಮನೆಗಳ ಲೈನ್ ಹೋಗುತ್ತ ಬರುತ್ತ ಇರುತ್ತದೆ. ಗಡಿಬಿಡಿಯಣ್ಣ ಬಚ್ಚಲಿಗೆ ಹೋಗಿ ನಲ್ಲಿ ರಿಪೇರಿಗೆ ಕೂತ. ಅವನು ತಾನಾಗಿ ನಲ್ಲಿ ಮುಟ್ಟಿದ್ದನ್ನು ಕಂಡ ಹೆಂಡತಿಗೆ ಏನೋ ಭಾರಿ ಅನಾಹುತವೇ ಆಗಿದೆಯೆಂದು ಗೊತ್ತಾಯಿತು.

"ಏನು ಮಾಡಿದ್ರಿ?"

ಅವನು ಫೋನು ಕೊಟ್ಟ. ಅವಳು ನಿಂತೇ ಓದಿದಳು.

"ಅಂದ್ರೆ ಅವತ್ತು ನನ್ನ ಕತ್ತರಿ ನಿಂತದ್ದು ನಿಮ್ಮಿಂದ."

"ಹ್ಞೂಂ."

"ಎದುರು ಕಟ್ಟಡದೋರಿಗೆ ಎಲ್ಲಾರೂ ಸೇರಿ ಬೈದಾಗ ಸುಮ್ನೆ ನಿಂತಿದ್ರಲ್ಲ!"

"ಆಗ ನನಗೂ ಗೊತ್ತಿರ್ಲಿಲ್ಲ. ನಾನೂ ಸ್ವಲ್ಪ ಬೈದೆ."

"ನಾಳೆ ಒಂದು ಬೆಳಿಗ್ಗೆ ಪೆಟ್ಟಿಗೆ ಬಾಯಿ ಮುಚ್ಕೊಂಡಿದ್ರೆ ನಿಮ್ಮ ಪ್ರಪಂಚ ಮುಳುಗುತ್ತಾ?"

ಅವನು ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಅವಳು ದೂರುಗಳನ್ನು ಇಳಿಸುತ್ತ ಓದುತ್ತಿದ್ದಳು. ಒಂದರ ಹತ್ತಿರ ಬೆರಳು ನಿಂತಿತು. ಯಾರೋ ಬರೆದಿದ್ದರು: ಅಮ್ಮ ಒಬ್ಬಳೇ ಇದ್ದಾಳೆ, ಹಾಸಿಗೆಯಿಂದ ಏಳುವ ಹಾಗಿಲ್ಲ, ಕೆಲಸದಿಂದಲೇ ಮಾತಾಡಿಸುತ್ತಿರುತ್ತೇನೆ, ಮಾತಿನ ನಡುವೆಯೇ ಲೈನ್ ಹೋಗುತ್ತಿದೆ, ಅವಳು ಹೆದರುತ್ತಾಳೆ.

ಅವಳು ಫೋನನ್ನು ವಾಪಸ್ಸು ಕೊಟ್ಟಳು. "ಹೋಗಿ, ಉತ್ತರ ಕೊಡೋ ಹಾಗೆ ಮಾಡಿ."

"ಮತ್ತೆ ನಿನ್ನ ಪಾಠ?"

"ಕಾರ್ಖಾನೆಗೆ ಬಸ್ಸಿದೆ ತಾನೇ? ನಾನೇ ಹೋಗ್ತೀನಿ. ಆ ಯಂತ್ರ ಹೊರೋದು ನೀವು. ನನ್ನ ಕೈಗೆ ಪಳಗಿದ್ದು ಅದೊಂದೇ."

"ಕಟ್ಟಡದೋರು ಪೆಟ್ಟಿಗೆ ಪ್ಲಗ್ಗೇ ಕಿತ್ತುಬಿಟ್ರೆ?"

ಒಳಗಿಂದ ಅತ್ತೆಯ ದನಿ ಬಂತು. "ಕೀಳ್ಲಿ ನೋಡೋಣ."

ಶುಕ್ರವಾರ ಬೆಳಿಗ್ಗೆ ಮೆಟ್ಟಿಲ ಕೆಳಗೆ, ಗಡಿಬಿಡಿಯಣ್ಣ ರಾತ್ರಿಯೇ ಮತ್ತೆ ಬಾಯಿ ಬಿಡಿಸಿದ್ದ ಪೆಟ್ಟಿಗೆಯ ಪ್ಲಗ್ಗಿಗೆ ಬೆನ್ನು ಕೊಟ್ಟು, ಕುರ್ಚಿ ಹಾಕಿಕೊಂಡು ಅತ್ತೆ ಕೂತರು. ಮಡಿಲಲ್ಲಿ ಬಿಡಿಸಬೇಕಾದ ಬಟಾಣಿ. ಸೆಕ್ರೆಟರಿ ಎದೆ ಮುಂದೆ ಮಾಡಿ ಬಂದರು.

"ಅಮ್ಮಾ, ಇದು ಸಾರ್ವಜನಿಕ ಆಸ್ತಿ. ಕಟ್ಟಡದ ಸೆಕ್ರೆಟರಿಯಾಗಿ ನಾನು..."

"ಕೂತ್ಕೋಪ್ಪ. ಬಟಾಣಿ ಬಿಡಿಸೋಕೆ ಬರುತ್ತಾ?"

ಬರುತ್ತಿರಲಿಲ್ಲ. ಕಲಿತರು.

ಕಾರ್ಖಾನೆಯಲ್ಲಿ ಯಂತ್ರಗಳ ಸಾಲು, ನೂಲಿನ ದೂಳು, ಸಾಲಾಗಿ ಕೂತ ಹೆಂಗಸರು. ಗಡಿಬಿಡಿಯಣ್ಣ ಯಂತ್ರ ಇಳಿಸಿ, ಸೊಂಟ ಹಿಡಿದುಕೊಂಡು ಮೂಲೆಯ ಬೆಂಚಿನಲ್ಲಿ ಕೂತ. ಒಡತಿ ಅವನ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದಳು. "ಓ, ಅಲ್ಲಾಡ್ತೀರಲ್ಲಮ್ಮ! ಅವತ್ತು ಫೋಟೋ ಕಳಿಸಿದ್ದೀರಿ ಅಂದ್ಕೊಂಡಿದ್ದೆ."

ಹೆಂಗಸರು ನಕ್ಕರು, ಅವಳೂ ನಕ್ಕಳು. ಪಾಠ ಶುರುವಾಯಿತು. ಮೂಲೆ ಕತ್ತರಿಸಿದಳು, ಕಾಲರು ತಿರುಗಿಸಿದಳು, ಹೆಬ್ಬೆರಳಿನಿಂದ ಅಂಚು ಒತ್ತಿದಳು. ಸುಕ್ಕಿಲ್ಲ. ಹಿಂದಿನ ಸಾಲಿನವರು ಎದ್ದು ಮುಂದೆ ಬಂದರು. ಅಂಚನ್ನು ಕೈಯಲ್ಲಿ ಮುಟ್ಟಿ ನೋಡುವುದು ಪರದೆಯಲ್ಲಿ ಆಗುವಂಥದ್ದಲ್ಲ. ಒಬ್ಬಳ ಕೈ ಹಿಡಿದು ಬೆರಳು ಎಲ್ಲಿಡಬೇಕೆಂದು ತೋರಿಸಿದಳು, ಇನ್ನೊಬ್ಬಳ ಭುಜ ಇಳಿಸಿದಳು.

ಅಷ್ಟರಲ್ಲಿ ಗಡಿಬಿಡಿಯಣ್ಣನ ಕಣ್ಣು ಗೋಡೆಯ ನೂಲುಂಡೆಗಳ ಮೇಲೆ ಬಿತ್ತು. ನೀಲಿಯ ನಡುವೆ ಒಂದು ಹಸಿರು ಕೂತಿತ್ತು. ಮೆಲ್ಲಗೆ ಎದ್ದ.

"ರೀ," ಎಂದಳು ಹೆಂಡತಿ, ತಲೆಯೆತ್ತದೆ. "ಕೈ."

ಅವನು ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಹಸಿರು ಉಂಡೆ ಅಲ್ಲಿರಬೇಕಾದದ್ದೇ, ಅದು ಮುಂದಿನ ಗಂಟೆಯ ಕೆಲಸದ್ದು ಎಂದು ಪಕ್ಕದಲ್ಲಿದ್ದ ಹೆಂಗಸು ಆಮೇಲೆ ಹೇಳಿದಳು.

ಪಾಠ ಮುಗಿದಾಗ ಒಡತಿ ಕಾಲರನ್ನು ಬೆಳಕಿಗೆ ಹಿಡಿದು ನೋಡಿದಳು. "ಪರದೆ ಗಿರದೆ ಬೇಡಮ್ಮ. ಸೋಮವಾರದಿಂದ ದಿನಾ ಇಲ್ಲಿಗೇ ಬನ್ನಿ." ಆಮೇಲೆ ಬೆಂಚಿನ ಕಡೆ ನೋಡಿ ದನಿ ತಗ್ಗಿಸಿದಳು. "ನೀವೊಬ್ರೇ."

ಸೋಮವಾರ ಬೆಳಿಗ್ಗೆ ಅವಳು ಬುತ್ತಿ ಕಟ್ಟಿಕೊಂಡು, ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಇಳಿದಳು. ಗಡಿಬಿಡಿಯಣ್ಣ ಹಿಂದಿಂದೆ ಗೇಟಿನವರೆಗೂ ಬಂದ. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು.

"ನೋಡು, ಆ ಬಸ್ಸು ಬೇಡ. ಅದು ಸುತ್ತಿಕೊಂಡು ಹೋಗುತ್ತೆ. ಇನ್ನೊಂದು ಹತ್ತಿ, ಗಡಿಯಾರದಂಗಡಿ ಹತ್ರ ಇಳಿದು, ಎಡಕ್ಕೆ ತಿರುಗಿ... ಅಲ್ಲ, ಬಲಕ್ಕೆ... ಇರು, ಬರೆದುಕೊಡ್ತೀನಿ."

"ರೀ," ಎಂದಳು ಅವಳು ಗೇಟು ಎಳೆದುಕೊಳ್ಳುತ್ತ. "ವಿಳಾಸ ನನಗೆ ಗೊತ್ತು."

ಸುತ್ತಿಕೊಂಡು ಹೋಗುವ ಬಸ್ಸೇ ಬಂತು. ಹತ್ತಿ ಹೋದಳು.